ಮೇ ತಿಂಗಳಿಗೆ ಮುಂಚೆ ಟೀಮ್ ಬಿಡಬೇಡ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಮೆಸೇಜ್ ಓದಿದೆ. ಕಾಲೇಜಿನ ಲ್ಯಾಕ್ರಾಸ್ ಟೀಮ್ ಬಿಡುತ್ತೀಯಂತೆ, ಅಮ್ಮನಿಗೆ "ಓದಿಗೆ ತೊಂದರೆ ಆಗ್ತಿದೆ" ಅಂತ ಹೇಳುತ್ತೀಯಂತೆ, ಮುಂದಿನ ವರ್ಷ ದೊಡ್ಡ ಕಾಲೇಜಿಗೆ ಟ್ರಾನ್ಸ್‌ಫರ್ ತೆಗೆದುಕೊಳ್ಳುತ್ತೀಯಂತೆ. ಮೂರು ಸಾಲಿನಲ್ಲಿ ಮೂರು ತೀರ್ಮಾನ! ಫೋನ್ ಮಾಡಿದರೆ ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಮೈಸೂರಿನಲ್ಲಿ ಓದಿದವನು ನೀನು, ಕನ್ನಡ ಓದಲು ಬರಲ್ಲ ಅನ್ನುವ ನೆಪ ನನ್ನ ಹತ್ತಿರ ನಡೆಯಲ್ಲ.

ಹೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಡಬೇಕು ಅನ್ನಿಸಿದರೆ ಬಿಡು, ನಾನು ಅಡ್ಡ ಬರಲ್ಲ. ಆದರೆ ಈಗ ಬೇಡ. ಸೀಸನ್ ಮುಗಿಯಲಿ, ಪರೀಕ್ಷೆ ಮುಗಿಯಲಿ. ಮೇ ತಿಂಗಳಲ್ಲಿ ಮನೆಗೆ ಬಾ, ನಾಲ್ಕು ದಿನ ಹೊಟ್ಟೆ ತುಂಬ ಊಟ ಮಾಡಿ ಕಣ್ಣು ತುಂಬ ನಿದ್ದೆ ಮಾಡು. ಆಮೇಲೆ ಯೋಚಿಸು. ಸೋತು ವಾಪಸ್ ಬರುವ ಬಸ್ಸಿನಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಮಾಡಿದ ತೀರ್ಮಾನವನ್ನು ನಾನು ಲೆಕ್ಕಕ್ಕೇ ಇಡಲ್ಲ.

ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆದು ಗೋಲು ಹೊಡೆಯುವ ಈ ಲ್ಯಾಕ್ರಾಸ್ ಬಗ್ಗೆ ದೊಡ್ಡಮ್ಮನಿಗೆ ಏನು ಗೊತ್ತು ಅಂತ ನಗಬೇಡ. ನಾನಿರುವುದು ಮೇರಿಲ್ಯಾಂಡಿನಲ್ಲಿ. 2004ರಿಂದ ಈ ರಾಜ್ಯದ ಅಧಿಕೃತ ತಂಡದ ಆಟ ಇದು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿ ಬೇರೆ ಆಟಗಳನ್ನೆಲ್ಲ ಕಾಲೇಜು ಆಟದ ಮೂರನೇ ಮಟ್ಟವಾದ ಡಿವಿಜನ್ ತ್ರೀಯಲ್ಲಿ ಆಡುತ್ತದೆ, ಲ್ಯಾಕ್ರಾಸ್ ಮಾತ್ರ ಎಲ್ಲಕ್ಕೂ ಮೇಲಿನ ಡಿವಿಜನ್ ಒನ್. ನಿನ್ನ ಇಬ್ಬರು ಅಣ್ಣಂದಿರೂ ಹೈಸ್ಕೂಲಿನಲ್ಲಿ ಆಡಿದರು. ಮಾರ್ಚ್ ಚಳಿಯಲ್ಲಿ ಕಂಬಳಿ ಹೊದ್ದು ಅಲ್ಯೂಮಿನಿಯಂ ಬೆಂಚಿನ ಮೇಲೆ ಕೂತು ಕೂತೇ ಕಲಿತವಳು ನಾನು. ರೆಫರಿ ಹಳದಿ ಬಾವುಟ ಎಸೆದರೆ ಅದು ಕೋಲು ಬೀಸಿ ಹೊಡೆದ ಸ್ಲಾಷಿಂಗೋ, ಕೋಲಿನ ನಡುಭಾಗದಿಂದ ತಳ್ಳಿದ ಕ್ರಾಸ್‌ಚೆಕ್ಕೋ ಅಂತ ನಿಮ್ಮ ದೊಡ್ಡಪ್ಪನಿಗಿಂತ ಮೊದಲು ಹೇಳುತ್ತೇನೆ. ಅವರು ಇನ್ನೂ ಚೆಂಡು ಎಲ್ಲಿ ಹೋಯಿತು ಅಂತ ಹುಡುಕುತ್ತಿರುತ್ತಾರೆ.

ಸರಿ, ನಿನ್ನ ವಿಷಯಕ್ಕೆ ಬರೋಣ. ನಿಮ್ಮದು ಡಿವಿಜನ್ ತ್ರೀ. ಆಟಕ್ಕೆ ಅಂತ ಒಂದು ಡಾಲರ್ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ, ನಿಯಮವೇ ಅದು. ನಿನಗೆ ಸಿಕ್ಕಿರುವ ಸಹಾಯವೆಲ್ಲ ನಿನ್ನ ಮಾರ್ಕ್ಸ್ ನೋಡಿ, ನಿಮ್ಮಪ್ಪನ ಸಂಬಳ ನೋಡಿ ಕೊಟ್ಟದ್ದು. ಟೀಮ್ ಬಿಟ್ಟರೂ ನಿನ್ನ ಫೀಸು ಏರಲ್ಲ. ಡಿವಿಜನ್ ಒನ್‌ನಲ್ಲಿ ದುಡ್ಡು ಸುರಿಯುತ್ತಾರೆ ಅಂದುಕೊಂಡಿದ್ದರೆ ಅದೂ ತಪ್ಪು. ಮೊನ್ನೆ ಮೊನ್ನೆಯವರೆಗೆ ಅಲ್ಲೂ ಗಂಡುಹುಡುಗರ ಒಂದು ತಂಡಕ್ಕೆ ಹೆಚ್ಚೆಂದರೆ 12.6 ಸ್ಕಾಲರ್‌ಶಿಪ್ ಇತ್ತು. ಅದನ್ನೇ ನಲವತ್ತು ಐವತ್ತು ಹುಡುಗರಿಗೆ ಚೂರು ಚೂರು ಮಾಡಿ ಹಂಚುತ್ತಿದ್ದರು.

ಅಂದರೆ ನಿನ್ನನ್ನು ಅಲ್ಲಿ ಯಾರೂ ಕಟ್ಟಿಹಾಕಿಲ್ಲ. ಈ ಸೀಸನ್ ಆಡುತ್ತೇನೆ ಅಂತ ನೀನು ಕೊಟ್ಟ ಮಾತೊಂದೇ ನಿನ್ನನ್ನು ಹಿಡಿದಿರುವುದು. ದುಡ್ಡು ತೆಗೆದುಕೊಂಡು ಕೊಟ್ಟ ಮಾತಾದರೆ ದುಡ್ಡು ವಾಪಸ್ ಕೊಟ್ಟು ಕೈ ತೊಳೆದುಕೊಳ್ಳಬಹುದು. ಸುಮ್ನೆ, ಇಷ್ಟಪಟ್ಟು ಕೊಟ್ಟ ಮಾತಿಗೆ ವಾಪಸ್ ಕೊಡಲು ಏನಿರುತ್ತದೆ ಹೇಳು?

ನಿನ್ನ ಸಿಟ್ಟು ನನಗೆ ಅರ್ಥವಾಗದೆ ಇಲ್ಲ. ರೋಸ್ಟರಿನಲ್ಲಿ ನಲವತ್ತಕ್ಕೂ ಜಾಸ್ತಿ ಹುಡುಗರು, ಮೈದಾನದಲ್ಲಿ ಹತ್ತೇ ಜನ. ಅದರ ಮೇಲೆ ನಿನ್ನದು ಡಿಫೆನ್ಸಿವ್ ಮಿಡ್‌ಫೀಲ್ಡ್, ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಬೈಸಿಕೊಳ್ಳುವ ಜಾಗ. ಡಿಫೆಂಡರ್‌ಗಳ ಕೈಯಲ್ಲಿ ಆರಡಿ ಕೋಲು, ನಿನ್ನ ಕೈಯಲ್ಲಿ ಮೂರೂವರೆ ಅಡಿಯದು. ಎದುರಿನವರು ಚೆಂಡು ಹಿಡಿದು ಬಂದವರೇ ಮೊದಲು ಹುಡುಕುವುದು ಗಿಡ್ಡ ಕೋಲಿನವನು ಎಲ್ಲಿದ್ದಾನೆ ಅಂತ. ನಿನ್ನನ್ನು ದಾಟಿದರೆ ಗೋಲು. ತಡೆದರೆ ಸ್ಕೋರ್‌ಶೀಟಿನಲ್ಲಿ ನಿನ್ನ ಹೆಸರೂ ಇಲ್ಲ. ಅಂಥ ಜಾಗಕ್ಕೂ ಇಬ್ಬರು ಸೀನಿಯರ್‌ಗಳ ಹಿಂದೆ ಸರದಿಯಲ್ಲಿ ನಿಂತಿದ್ದೀಯ. ಬೇಜಾರಾಗುತ್ತೆ, ಆಗಲೇಬೇಕು.

ಆದರೆ "ನಾನು ಬರೀ ಸ್ಕೌಟ್ ಟೀಮ್, ನನ್ನಿಂದ ಏನೂ ಆಗಬೇಕಾಗಿಲ್ಲ" ಅಂತ ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪಲ್ಲ. ಮದುವೆ ಮನೆಯಲ್ಲಿ ಬಡಿಸುವವರು ಎಲ್ಲರಿಗೂ ಕಾಣುತ್ತಾರೆ, ಬೆಳಗಿನ ಜಾವ ಹಿಂದೆ ಕೂತು ಕಾಯಿ ತುರಿದವರು ಕಾಣಲ್ಲ. ಹಾಗಂತ ಕಾಯಿ ಇಲ್ಲದೆ ಅಡಿಗೆ ಆಗುತ್ತಾ? ವಾರದ ನಡುವೆ ಪ್ರಾಕ್ಟೀಸಿನಲ್ಲಿ ನೀನು ಶನಿವಾರದ ಎದುರಾಳಿಯ ವೇಷ ಹಾಕುತ್ತೀಯ. ಅವರ ಮಿಡ್‌ಫೀಲ್ಡರ್ ಎಡಗೈಯವನಾದರೆ ನೀನು ಎಡಗೈಯಲ್ಲಿ ನುಗ್ಗಬೇಕು. ಅವರು ಗೋಲಿನ ಹಿಂದಿನಿಂದ ಆಟ ಕಟ್ಟುವವರಾದರೆ ನೀನೂ ಅಲ್ಲಿಂದಲೇ ಕಟ್ಟಬೇಕು. ನೀನು ಅರ್ಧ ಮನಸ್ಸಿನಿಂದ ಓಡಿದರೆ ನಿಮ್ಮ ಡಿಫೆನ್ಸ್ ಅರ್ಧ ವೇಗಕ್ಕೆ ತಯಾರಾಗುತ್ತದೆ. ಶನಿವಾರ ಪೂರ್ತಿ ವೇಗದವನು ಬಂದಾಗ ಅವನನ್ನು ತಡೆಯಲು ಯಾರು ತನ್ನ ಜಾಗ ಬಿಟ್ಟು ಸ್ಲೈಡ್ ಹೋಗಬೇಕು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈಚಿನ ಎರಡು ಮ್ಯಾಚಿನಲ್ಲಿ ಆದದ್ದು ಅದೇ ಅಲ್ವಾ? ಪೂರ್ತಿ ನಿನ್ನ ತಪ್ಪು ಅನ್ನುತ್ತಿಲ್ಲ. ಆದರೆ ಪಾಲಿಲ್ಲ ಅಂತಲೂ ಅನ್ನಲಾರೆ.

ಹೋದ ಶನಿವಾರದ ಇನ್ನೊಂದು ಮಾತು. ಏಳು ಗೋಲು ಹಿಂದೆ ಇದ್ದಾಗ ಕೊನೆಗೆ ನಿನ್ನನ್ನು ಇಳಿಸಿದರು. ಮಳೆ ಬಂದು ಟರ್ಫ್ ಜಾರುತ್ತಿತ್ತು. ಚೆಂಡು ನಿಮ್ಮ ಬಾಕ್ಸಿನ ಹತ್ತಿರ ಉರುಳುತ್ತಿತ್ತು, ನೀವು ಇಬ್ಬರು, ಅವರು ಒಬ್ಬ. ನಿನ್ನ ಜೊತೆಗಾರ "ಮ್ಯಾನ್!" ಅಂತ ಕೂಗಿ ಅವನನ್ನು ಅಡ್ಡ ಹಾಕಿದ. ಅಂದರೆ "ಬಾಲ್!" ಅಂತ ಕೂಗಿ ಎತ್ತಬೇಕಾದವನು ನೀನು. ನೀನು ಕೂಗಲೂ ಇಲ್ಲ, ಬಗ್ಗಲೂ ಇಲ್ಲ. ಓಡುತ್ತಾ ಓಡುತ್ತಾ ಒಂದೇ ಕೈಯಲ್ಲಿ ಕೋಲು ಚಾಚಿ ಸೌದೆ ಕೆದಕುವವನ ಹಾಗೆ ಕೆದಕಿದೆ. ಚೆಂಡು ಮುಂದೆ ಹೋಯಿತು, ಅವರಿಗೆ ಸಿಕ್ಕಿತು, ಗೋಲಾಯಿತು. ಕೋಚ್ ಏನೂ ಅನ್ನಲಿಲ್ಲ ಅಂತ ಬೇಜಾರು ಮಾಡಿಕೊಂಡೆಯಲ್ಲ, ನಾನು ಹೇಳುತ್ತೇನೆ ಕೇಳು. ಮಂಡಿ ಬಗ್ಗಿಸು. ಎರಡೂ ಕೈ ಕೋಲಿನ ಮೇಲಿರಲಿ. ಹಿಂದಿನ ಕೈ ನೆಲಕ್ಕೆ ತಾಗುವಷ್ಟು ಕೆಳಗೆ ಬರಲಿ. ಚೆಂಡಿನ ಹತ್ತಿರ ನಿಲ್ಲಬೇಡ, ಅದನ್ನು ದಾಟಿ ಓಡು. ಸಿಕ್ಕ ತಕ್ಷಣ "ರಿಲೀಸ್!" ಅಂತ ಕೂಗು, ಇಲ್ಲದಿದ್ದರೆ ಜೊತೆಗಾರ ಇನ್ನೂ ಅಡ್ಡ ಹಾಕುತ್ತಿದ್ದು ರೆಫರಿ ಸೀಟಿ ಊದಿ ಚೆಂಡನ್ನು ಅವರಿಗೆ ಕೊಟ್ಟುಬಿಡುತ್ತಾರೆ. ಇದಕ್ಕೆ ಪ್ರತಿಭೆ ಬೇಕಾಗಿಲ್ಲ, ಬಗ್ಗುವ ಮನಸ್ಸು ಬೇಕು. ನಾಲ್ಕು ನಿಮಿಷ ಸಿಕ್ಕರೂ ಸಾಕು, ಕೋಚ್ ನೋಡುವುದು ಇದನ್ನೇ.

ಅಂದ ಹಾಗೆ, ಕೋಚ್ ಆಫೀಸಿಗೆ ಹೋಗಿ ಕೇಳಿದ್ದೀಯಾ? "ನನ್ನನ್ನು ಯಾಕೆ ಆಡಿಸಲ್ಲ" ಅಂತ ಅಲ್ಲ. "ಆಡಬೇಕಾದರೆ ನಾನು ಏನು ಸುಧಾರಿಸಬೇಕು" ಅಂತ. ಎರಡಕ್ಕೂ ವ್ಯತ್ಯಾಸ ಇದೆ. ಅವರು ಹೇಳಿದ್ದನ್ನು ಬರೆದುಕೊಂಡು ಬಾ. ಎಡಗೈ ಬರಲ್ಲ ಅಂತಾರೆ, ನನಗೆ ಗೊತ್ತು. ಜಿಮ್ಮಿನ ಹಿಂದಿನ ಗೋಡೆ ಇದೆಯಲ್ಲ, ದಿನಾ ಇಪ್ಪತ್ತು ನಿಮಿಷ ಎಡಗೈಯಲ್ಲಿ ವಾಲ್‌ಬಾಲ್ ಮಾಡು. ನಿಮ್ಮಮ್ಮ ಫೋನ್ ಮಾಡಿ ಕೋಚ್ ಹತ್ತಿರ ಮಾತಾಡುತ್ತೇನೆ ಅಂತ ಹೊರಟಿದ್ದಳು. ನಾನೇ ತಡೆದೆ. ಇಪ್ಪತ್ತು ವರ್ಷದ ಹುಡುಗನ ಪರವಾಗಿ ಅಮ್ಮ ಫೋನ್ ಮಾಡಿದರೆ ಆಮೇಲೆ ಲಾಕರ್ ರೂಮಿನಲ್ಲಿ ನಿನ್ನ ಗತಿ ಏನು!

ಇನ್ನು ಟ್ರಾನ್ಸ್‌ಫರ್. ಸಣ್ಣ ಕಾಲೇಜು, ಸಣ್ಣ ಟೀಮ್, ಯಾರಿಗೂ ಹೆಸರೇ ಗೊತ್ತಿಲ್ಲ ಅಂತ ನಿನ್ನ ದೂರು. ನಮ್ಮಲ್ಲಿಂದ ಚೆಸಪೀಕ್ ಕೊಲ್ಲಿಯ ಬೇ ಬ್ರಿಡ್ಜ್ ದಾಟಿ ಹೋದರೆ ಚೆಸ್ಟರ್‌ಟೌನ್ ಅಂತ ಪುಟ್ಟ ಊರು. ಅಲ್ಲಿಯ ವಾಷಿಂಗ್ಟನ್ ಕಾಲೇಜಿನಲ್ಲಿ ಓದುವವರು ಸಾವಿರದ ಆಸುಪಾಸು, ಅಷ್ಟೇ. ಅವರು 1998ರಲ್ಲಿ ಡಿವಿಜನ್ ತ್ರೀ ಚಾಂಪಿಯನ್ ಆದರು. ಕೊಲ್ಲಿಯ ಅದೇ ದಡದ (ಶೋರ್‌ನ) ಸಾಲ್ಸ್‌ಬರಿ ಯೂನಿವರ್ಸಿಟಿ ಮೇಲೆ ಅವರು ಆಡುವ ಮ್ಯಾಚಿಗೆ "ವಾರ್ ಆನ್ ದ ಶೋರ್" ಅಂತಲೇ ಹೆಸರು. ಒಂದು ಸಲ ಬಾ, ಕರೆದುಕೊಂಡು ಹೋಗುತ್ತೇನೆ. ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿ ಹೋಬರ್ಟ್ ಕಾಲೇಜು ಇದೆ. 1980ರಲ್ಲಿ ಡಿವಿಜನ್ ತ್ರೀ ಟೂರ್ನಿ ಶುರುವಾದಾಗಿನಿಂದ 1991ರವರೆಗೆ 12 ವರ್ಷವೂ ಬೇರೆ ಯಾರಿಗೂ ಕಪ್ ಬಿಟ್ಟುಕೊಡಲಿಲ್ಲ. ಸಣ್ಣ ಕಾಲೇಜು ಅನ್ನುವುದು ಈ ಆಟದಲ್ಲಿ ಕುಂದಲ್ಲ.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಕಬ್ರೀನಿ ಕತೆ. ಫಿಲಡೆಲ್ಫಿಯಾ ಪಕ್ಕದ ರಾಡ್ನರ್‌ನಲ್ಲಿದ್ದ ಪುಟ್ಟ ಕ್ಯಾಥೊಲಿಕ್ ಯೂನಿವರ್ಸಿಟಿ. 2019ರ ಮೇ ತಿಂಗಳಲ್ಲಿ ಅವರು ಫೈನಲ್‌ನಲ್ಲಿ ಆಮ್ಹರ್ಸ್ಟ್ ತಂಡವನ್ನು 16-12ರಿಂದ ಸೋಲಿಸಿದರು. ಯಾವ ಆಟದಲ್ಲೂ ಅವರಿಗೆ ಅದೇ ಮೊದಲ ರಾಷ್ಟ್ರೀಯ ಪ್ರಶಸ್ತಿ. ಐದು ವರ್ಷ ಕಳೆದು 2024ರಲ್ಲಿ ದುಡ್ಡಿಲ್ಲದೆ ಯೂನಿವರ್ಸಿಟಿಯೇ ಮುಚ್ಚಿತು. ಕ್ಯಾಂಪಸ್ ವಿಲನೋವಾ ಪಾಲಾಯಿತು. ಕಪ್ ಗೆದ್ದ ಟೀಮ್ ಕೂಡ ಕಾಲೇಜನ್ನು ಉಳಿಸಲಿಲ್ಲ ನೋಡು. ಅದಕ್ಕೇ ಟೀಮ್ ನೋಡಿ ಕಾಲೇಜು ಹಿಡಿಯಬೇಡ, ಟೀಮ್ ನೋಡಿ ಕಾಲೇಜು ಬಿಡಲೂಬೇಡ. ನಿನ್ನ ಬಯಾಲಜಿ ಡಿಪಾರ್ಟ್‌ಮೆಂಟ್ ಚೆನ್ನಾಗಿದೆ, ಪ್ರೊಫೆಸರ್ ನಿನ್ನ ಹೆಸರು ಹಿಡಿದು ಕರೆಯುತ್ತಾರೆ, ಬೇಸಿಗೆಗೆ ಲ್ಯಾಬಿನಲ್ಲಿ ಕೆಲಸ ಕೊಡುತ್ತೇನೆ ಅಂದಿದ್ದಾರೆ. ಟ್ರಾನ್ಸ್‌ಫರ್ ತೂಗುವಾಗ ತಕ್ಕಡಿಗೆ ಹಾಕಬೇಕಾದದ್ದು ಅದು.

"ಈ ಆಟದಲ್ಲಿ ನಮ್ಮವರು ಯಾರೂ ಇಲ್ಲ, ನಾನು ಹೊರಗಿನವನು" ಅಂತ ಬೇರೆ ಬರೆದಿದ್ದೀಯ. ಈ ಆಟ ನಿನ್ನ ಜೊತೆ ಆಡುವ ಬಿಳಿಯ ಹುಡುಗರದ್ದೂ ಅಲ್ಲ ಕಣೋ. ಹೋಡೆನೊಶೋನಿ ಜನರದ್ದು, ಹಾಗೆಯೇ ಇಲ್ಲಿಯ ಬೇರೆ ಮೂಲನಿವಾಸಿಗಳದ್ದು. ರೋಗ ವಾಸಿಯಾಗಲಿ ಅಂತಲೂ ಅವರು ಇದನ್ನು ಆಡುತ್ತಾರೆ. 2010ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಇತ್ತು. ಹೋಡೆನೊಶೋನಿ ತಂಡದವರ ಸ್ವಂತ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪಲಿಲ್ಲ. ಅಮೆರಿಕದ ಪಾಸ್‌ಪೋರ್ಟಿನಲ್ಲಿ ಹೋಗುವುದಕ್ಕೆ ಅವರು ಒಪ್ಪಲಿಲ್ಲ. ಆಡದೆಯೇ ಮನೆಗೆ ಹೋದರು. 1908ರ ಲಂಡನ್ ಒಲಿಂಪಿಕ್ಸ್ ಆದಮೇಲೆ ಈಗ 2028ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಪದಕಕ್ಕಾಗಿ ಮತ್ತೆ ಲ್ಯಾಕ್ರಾಸ್ ಬರುತ್ತಿದೆ, ಒಂದು ತಂಡಕ್ಕೆ ಆರು ಜನರ ಆಟ. ಅಲ್ಲೂ ಅವರು ತಮ್ಮ ಹೆಸರಿನಲ್ಲೇ ಆಡಬೇಕು ಅಂತ ಕೇಳುತ್ತಿದ್ದಾರೆ. ಆಟ ಹುಟ್ಟಿಸಿದವರೇ ಇಷ್ಟು ಕಾಯಬೇಕಾಗಿರುವಾಗ ನಾನು ನೀನು ಹೊರಗಿನವರು ಅಂತ ಕಣ್ಣೀರು ಹಾಕುವುದು ಸ್ವಲ್ಪ ಜಾಸ್ತಿಯಾಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ಹೇಳಿದ್ದನ್ನೆಲ್ಲ ಪಕ್ಕಕ್ಕಿಡು. ತಲೆ. ಪೆಟ್ಟು ಬಿದ್ದ ಮೇಲೆ ತಲೆನೋವು, ವಾಕರಿಕೆ, ಬೆಳಕು ಚುಚ್ಚುವುದು, ಈಗ ಹೇಳಿದ್ದು ಮರೆಯುವುದು, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣ ಅಥ್ಲೆಟಿಕ್ ಟ್ರೈನರ್ ಹತ್ತಿರ ಹೋಗು. ಮೆದುಳಿಗೆ ಪೆಟ್ಟಾದ, ಅಂದರೆ ಕಂಕಷನ್ ಆದ ಅನುಮಾನ ಬಂದರೆ ಆಟದಿಂದ ತೆಗೆಯಬೇಕು, ಕಂಕಷನ್ ಅಂತ ಆದರೆ ಆ ದಿನ ಮತ್ತೆ ಆಡಿಸುವ ಹಾಗಿಲ್ಲ. ಕೋಚ್ ಹೇಳಿದರೂ ಇಲ್ಲ. ಹೆಲ್ಮೆಟ್ ಇದೆಯಲ್ಲ ಅನ್ನಬೇಡ, ಹೆಲ್ಮೆಟ್ ಬುರುಡೆ ಒಡೆಯದ ಹಾಗೆ ನೋಡಿಕೊಳ್ಳುತ್ತೆ, ಒಳಗೆ ಮೆದುಳು ಅಲುಗುವುದನ್ನು ತಡೆಯಲ್ಲ. ಎಷ್ಟೋ ದಿನ ಕಾದು ನಾಲ್ಕು ನಿಮಿಷ ಸಿಕ್ಕಿದೆ, ಈಗ ಹೇಳಿದರೆ ಅದೂ ಹೋಗುತ್ತೆ ಅಂತ ಮುಚ್ಚಿಡುವವರು ನಿನ್ನಂಥ ಹುಡುಗರೇ. ಹಾಗೇ ನಿನ್ನ ಶೋಲ್ಡರ್ ಪ್ಯಾಡ್ ನೋಡಿಕೋ. ಎದೆಗೆ ಚೆಂಡು ಬಡಿದರೆ ಹೃದಯ ನಿಂತುಹೋಗುವ ಅಪಾಯ ಇದೆ ಅಂತ 2022ರಿಂದ ಎದೆಯ ರಕ್ಷಣೆಗೆ ಹೊಸ ಪ್ರಮಾಣದ ಪ್ಯಾಡ್ ಕಡ್ಡಾಯ ಮಾಡಿದ್ದಾರೆ. ಪ್ರಾಕ್ಟೀಸಿಗೆ ಅಂತ ಅಣ್ಣನ ಹಳೆಯದನ್ನು ಹಾಕಿಕೊಳ್ಳುತ್ತಿದ್ದರೆ ಇವತ್ತೇ ಅದನ್ನು ಕಸಕ್ಕೆ ಹಾಕು. ತಲೆಯ ಕಾರಣಕ್ಕೆ ಬಿಡುವುದಾದರೆ ಮೇ ತಿಂಗಳಿಗೆ ಕಾಯಬೇಡ, ಮಂಗಳವಾರವೇ ಬಿಡು. ನಾನೇ ಬಂದು ಸಾಮಾನು ಕಟ್ಟಿಕೊಡುತ್ತೇನೆ.

ಕೊನೆಗೆ ಆ ಓದಿನ ನೆಪ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂದದ್ದು ಆಟದಿಂದ ಅಲ್ಲ, ನಿನಗೂ ಗೊತ್ತು. ಸೀಸನ್ ಶುರುವಾಗುವ ಮುಂಚೆ, ಹೋದ ಸೆಮಿಸ್ಟರ್‌ನಲ್ಲೇ ಬಂದಿತ್ತು. ಅಮ್ಮನಿಂದ ಮುಚ್ಚಿಟ್ಟಿದ್ದೀಯ. ಈಗ ಆಟದ ತಲೆಗೆ ಕಟ್ಟಿದರೆ ಎರಡೂ ಒಟ್ಟಿಗೆ ಮುಗಿಯುತ್ತದೆ ಅಂತ ಲೆಕ್ಕ ಹಾಕಿದ್ದೀಯ. ಅವಳು ಬೈಯುತ್ತಾಳೆ, ಬೈಸಿಕೋ. ನಿನ್ನ ಅಪ್ಪನಿಗೆ ನಾನು ಹೇಳಲ್ಲ, ಅಮ್ಮನಿಗೂ ನಾನಾಗಿ ಹೇಳಲ್ಲ. ಭಾನುವಾರದೊಳಗೆ ನೀನೇ ಫೋನ್ ಮಾಡಿ ಹೇಳಬೇಕು. ಟ್ಯೂಟರಿಂಗ್ ಸೆಂಟರಿನಲ್ಲಿ ಹೆಸರು ಬರೆಸಿದ್ದೇನೆ ಅಂತಲೂ ಅದೇ ಉಸಿರಿನಲ್ಲಿ ಹೇಳು, ಅದಕ್ಕೆ ಮುಂಚೆ ನಿಜವಾಗಿಯೂ ಬರೆಸು.

ಈ ಶನಿವಾರ ನಾನೂ ದೊಡ್ಡಪ್ಪನೂ ಬರುತ್ತೇವೆ. ಮ್ಯಾಚ್ ಆದಮೇಲೆ ಪಾರ್ಕಿಂಗ್ ಲಾಟಿನಲ್ಲಿ ಎಲ್ಲರ ಅಪ್ಪ ಅಮ್ಮಂದಿರು ಟೇಬಲ್ ಹಾಕುತ್ತಾರಲ್ಲ, ನಮ್ಮದು ಎರಡು ದೊಡ್ಡ ಟ್ರೇ ಪುಳಿಯೋಗರೆ. ಹೋದ ಸಲ ನಿಮ್ಮ ಗೋಲ್‌ಕೀಪರ್ ಮೂರು ಪ್ಲೇಟ್ ತಿಂದು ಇನ್ನೂ ಖಾರ ಇರಲಿ ಅಂದ, ಅವನಿಗೆ ಬೇರೆ ಡಬ್ಬಿ ತರುತ್ತೇನೆ. ಯುಗಾದಿಗೆ ಬರಲಿಲ್ಲ ಅಂತ ನಿನ್ನ ಪಾಲಿನ ಹೋಳಿಗೆ ಫ್ರೀಜರಿನಲ್ಲಿ ಇಟ್ಟಿದ್ದೇನೆ, ಅದೂ ಬರುತ್ತೆ. ಸೋಮವಾರ ಸಂಜೆ ಫೋನ್ ಮಾಡುತ್ತೇನೆ, ಕೋಚ್ ಏನಂದರು ಅಂತ ಬರೆದುಕೊಂಡಿರುವ ಚೀಟಿ ಕೈಯಲ್ಲಿಟ್ಟುಕೊಂಡು ಎತ್ತು.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ