ಗುಜರಿಗೆ ಹೋಗುವ ಮುನ್ನ ಅರ್ಧ ದಿನ ಅಳತೆಗೆ ಕೊಡಿ

ಮಾನ್ಯ ಸಂಪಾದಕರಿಗೆ,

ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳನ್ನು ಹರಾಜು ಹಾಕುವ ಪ್ರಕಟಣೆಗಳು ತಮ್ಮ ಪತ್ರಿಕೆಯ ಒಳಪುಟಗಳಲ್ಲಿ ಆಗಾಗ ಅಚ್ಚಾಗುತ್ತಿರುತ್ತವೆ. ವಾಹನದ ನಮೂನೆ, ತಯಾರಾದ ವರ್ಷ, ಇದ್ದ ಸ್ಥಿತಿಯಲ್ಲಿಯೇ ಕೊಂಡೊಯ್ಯಬೇಕೆಂಬ ಷರತ್ತು, ಇಷ್ಟೇ ಇರುವ ಆ ನಾಲ್ಕು ಸಾಲುಗಳನ್ನು ಗುಜರಿ ವ್ಯಾಪಾರಿಗಳನ್ನು ಬಿಟ್ಟರೆ ಚಿಕ್ಕಮಗಳೂರಿನಲ್ಲಿ ಗಮನವಿಟ್ಟು ಓದುವವನು ಬಹುಶಃ ನಾನೊಬ್ಬನೇ. ಹಾಗೆಂದು ನಾನು ಕೊಳ್ಳುವವನಲ್ಲ. ಆಲ್ದೂರಿನ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿ ದುಡಿದು ನಿವೃತ್ತನಾಗಿರುವ ನಾನು, ನಮ್ಮ ರಸ್ತೆಗಳಲ್ಲಿ ಓಡಾಡಿದ ಕಾರು, ಜೀಪುಗಳ ಕಿರುಮಾದರಿಗಳನ್ನು ಅಳತೆಗೆ ಸರಿಯಾಗಿ ಕಟ್ಟುವ ಹವ್ಯಾಸದವನು. ಇಲಾಖೆಗಳ ಮುಂದೆಯೂ, ಕೊಟ್ಟಿಗೆಯಲ್ಲಿ ಹಳೆಯ ವಾಹನ ಇಟ್ಟುಕೊಂಡಿರುವ ಮನೆಗಳವರ ಮುಂದೆಯೂ ಒಂದು ಸಣ್ಣ ಕೋರಿಕೆಯನ್ನು ಇಡುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ವಾಹನವನ್ನು ಗುಜರಿಗೆ ಸಾಗಿಸುವ ಮುನ್ನ ಅರ್ಧ ದಿನ ಅದರ ಅಳತೆ ಹಿಡಿಯಲು ಅವಕಾಶ ಕೊಡಿ ಎಂಬುದೇ ಆ ಕೋರಿಕೆ.

ಕೇಳುವವರಿಗೆ ಇದು ವಿಚಿತ್ರವೆನಿಸಬಹುದಾದ್ದರಿಂದ ಕೆಲಸದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕಾಗಿದೆ. ಕಾರುಗಳ ಕಿರುಮಾದರಿಯಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:24ರ ಅಳತೆ. ಎಂದರೆ ವಾಹನದ ಒಂದು ಅಡಿ ಮಾದರಿಯಲ್ಲಿ ಅರ್ಧ ಇಂಚಾಗುತ್ತದೆ. ಅಂಬಾಸಿಡರ್ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 97 ಇಂಚು. ಮಾದರಿಯಲ್ಲಿ ಅದು ನಾಲ್ಕು ಇಂಚಿಗಿಂತ ಒಂದು ಮಿಲಿಮೀಟರ್ ಮಾತ್ರ ಹೆಚ್ಚು. ಆ ಒಂದು ಮಿಲಿಮೀಟರನ್ನು ಕೈಬಿಟ್ಟರೆ ಗಂಟೇನು ಹೋಯಿತು ಎನ್ನುವವರುಂಟು. ಇಲ್ಲಿ ಬಿಟ್ಟ ಒಂದು ಮಿಲಿಮೀಟರ್ ಅಲ್ಲಿ ಹೆಚ್ಚುಕಡಿಮೆ ಒಂದು ಇಂಚು, ಮತ್ತು ಒಂದು ಇಂಚು ಕುಗ್ಗಿದ ಅಂಬಾಸಿಡರನ್ನು ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು ದೂರದಿಂದಲೇ ಗುರುತಿಸಿ, ಏನೋ ಸರಿಯಿಲ್ಲವಲ್ಲ ಎನ್ನುತ್ತಾರೆ. ಬಣ್ಣದ ವಿಷಯದಲ್ಲಿ ಈ ಲೆಕ್ಕ ಇನ್ನೂ ಕಠಿಣ. ಬಾಗಿಲಿನ ಸುತ್ತಲಿನ ಐದು ಮಿಲಿಮೀಟರಿನ ಸಂದು ಮಾದರಿಯಲ್ಲಿ 0.2 ಮಿಲಿಮೀಟರಿಗೆ ಇಳಿಯುವುದರಿಂದ, ಅದರ ಎರಡೂ ಅಂಚುಗಳಲ್ಲಿ 0.1 ಮಿಲಿಮೀಟರ್ ದಪ್ಪಕ್ಕೆ ಬಣ್ಣ ಕುಳಿತರೆ ಸಂದೇ ಮುಚ್ಚಿಹೋಗಿ, ಬಾಗಿಲಿಲ್ಲದ ಕಾರೊಂದು ಕೈಗೆ ಬರುತ್ತದೆ.

ಎಲ್ಲ ಅಳತೆಗಳೂ ಹೀಗೆ ಅಡಿಪಟ್ಟಿಯ ಅನುಕೂಲದಿಂದಲೇ ಹುಟ್ಟಿದವಲ್ಲ ಎಂಬುದನ್ನೂ ಪ್ರಾಸಂಗಿಕವಾಗಿ ಹೇಳಬಹುದು. 1:43ರ ಕಾರುಗಳು ಬ್ರಿಟನ್ನಿನ ಆಟಿಕೆ ರೈಲುಗಳ ಪಕ್ಕದಲ್ಲಿ ಹೊಂದಿಕೊಳ್ಳಲಿ ಎಂದು ಬಂದವು. ಸೈನ್ಯದ ವಾಹನಗಳ ಮಾದರಿಗೆ ಇಂದು ಜಗತ್ತೆಲ್ಲ ಒಪ್ಪಿಕೊಂಡಿರುವ 1:35 ಅಳತೆಯ ಮೂಲದಲ್ಲಿರುವುದು, ಜಪಾನಿನ ತಮಿಯಾ ಕಂಪನಿಯವರು 1960ರ ದಶಕದ ಆರಂಭದಲ್ಲಿ ಹೊರತಂದ ಟ್ಯಾಂಕಿನ ಹೊಟ್ಟೆಯೊಳಗೆ ಮೋಟಾರಿಗೂ ಬ್ಯಾಟರಿಗೂ ಜಾಗ ಸಾಲಬೇಕಾಗಿದ್ದುದು, ಅಷ್ಟೇ.

ನನ್ನನ್ನು ಈ ಹುಚ್ಚಿಗೆ ಹಚ್ಚಿದ್ದು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ತಂದುಕೊಟ್ಟ, ಜೋಡಿಸಿ ಕಟ್ಟುವ ಬಿಡಿಭಾಗಗಳ ಒಂದು ಪೆಟ್ಟಿಗೆ: ಇಟಲಿಯ ಇಟಲೆರಿ ಕಂಪನಿಯ 1:24 ಅಳತೆಯ ವಿಲ್ಲಿಸ್ ಜೀಪು. ಜೋಡಿಸಿ ಮೇಜಿನ ಮೇಲಿಟ್ಟಾಗ ಅದು ಜೀಪೇ ಹೌದು, ಆದರೆ ನಮ್ಮ ತೋಟದ ಜೀಪಲ್ಲ ಎನ್ನಿಸಿತು. ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ಎರಡು ದಿನ ಬೇಕಾಯಿತು. ಪೆಟ್ಟಿಗೆಯಲ್ಲಿದ್ದುದು ಎರಡನೆಯ ಮಹಾಯುದ್ಧದ ಕಾಲದ, ತಗ್ಗಾದ ಬಾನೆಟ್ಟಿನ ಜೀಪು. ಹೆಚ್ಚು ಎತ್ತರದ ಹೊಸ ಇಂಜಿನನ್ನು ಕೂರಿಸುವ ಸಲುವಾಗಿ ವಿಲ್ಲಿಸ್ ಕಂಪನಿ 1953ರಲ್ಲಿ ಬಾನೆಟ್ಟನ್ನು ಮೇಲೆತ್ತಿ ಸಿಜೆ-3ಬಿ ಎಂಬ ನಮೂನೆಯನ್ನು ತಂದಿತು. ಮಹೀಂದ್ರಾದವರು ನಮ್ಮ ದೇಶದಲ್ಲಿ ಬಹುಕಾಲ ತಯಾರಿಸಿದ್ದು, ನಮ್ಮ ತೋಟಗಳ ಏರುದಾರಿಗಳಲ್ಲಿ ಹಣ್ಣಿನ ಮೂಟೆಗಳನ್ನೂ ಆಳುಗಳನ್ನೂ ಹೊತ್ತದ್ದು ಆ ನಮೂನೆಯೇ. ಎರಡರಲ್ಲೂ ಚಕ್ರಗಳ ಅಂತರ ಒಂದೇ, 80 ಇಂಚು. ಹಾಗಾಗಿ ಬಾನೆಟ್ಟನ್ನೂ ಮುಂದಿನ ಜಾಲರಿಯನ್ನೂ ಕತ್ತರಿಸಿ, ಪ್ಲಾಸ್ಟಿಕ್ ಹಾಳೆ ಸೇರಿಸಿ ಎತ್ತರಿಸಿದ ಮೇಲೆ ಅದು ನಮ್ಮದಾಯಿತು.

ಇದಕ್ಕೆ ಅಮೆರಿಕದಲ್ಲಿ ಕಸ್ಟಮೈಸಿಂಗ್ ಎಂದು ಹೆಸರು. ಅಲ್ಲಿನ ಎಎಂಟಿ ಕಂಪನಿಯವರು 1958ರಲ್ಲಿ ತಂದ ಪೆಟ್ಟಿಗೆಗಳಲ್ಲಿ ಒಂದೇ ಕಾರನ್ನು ಕಾರ್ಖಾನೆಯಿಂದ ಬಂದಂತೆ, ಮಾಲೀಕ ತನಗೆ ಬೇಕಾದಂತೆ ಬದಲಾಯಿಸಿಕೊಂಡಂತೆ, ಇಲ್ಲವೇ ಪಂದ್ಯಕ್ಕೆ ಇಳಿಸಿದಂತೆ, ಹೀಗೆ ಮೂರು ರೀತಿಯಲ್ಲಿ ಯಾವುದಾದರೊಂದನ್ನು ಕಟ್ಟಲು ಬೇಕಾದ ಬಿಡಿಭಾಗಗಳಿರುತ್ತಿದ್ದವು. ಮಲೆನಾಡಿನವರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದೇ ವರ್ಷದಲ್ಲಿ ಒಂದೇ ಅಂಗಡಿಯಿಂದ ಬಂದ ಎರಡು ಜೀಪುಗಳು ಐದು ವರ್ಷ ಕಳೆಯುವಷ್ಟರಲ್ಲಿ ಒಂದನ್ನೊಂದು ಹೋಲುತ್ತಿರಲಿಲ್ಲ. ಒಂದಕ್ಕೆ ತಗಡಿನ ಬಾಡಿ ಕಟ್ಟಿಸಿದ್ದರೆ ಇನ್ನೊಂದಕ್ಕೆ ಟಾರ್ಪಾಲೇ ಮುಂದುವರಿದಿರುತ್ತಿತ್ತು, ಒಂದರ ಹಿಂಭಾಗವನ್ನು ಉದ್ದ ಮಾಡಿ ಎದುರುಬದುರು ಬೆಂಚು ಹಾಕಿಸಿದ್ದರೆ ಇನ್ನೊಂದರ ನೆತ್ತಿಯ ಮೇಲೆ ಏಣಿ ಸಾಗಿಸಲು ಕ್ಯಾರಿಯರ್ ಇರುತ್ತಿತ್ತು. ಈ ಮಾರ್ಪಾಡುಗಳನ್ನು ಮಾಡಿದವರು ಊರಿನ ವೆಲ್ಡಿಂಗ್ ಮತ್ತು ಟಿಂಕರಿಂಗ್ ಶಾಪಿನವರು, ಮತ್ತು ಅವಕ್ಕೆ ಯಾವ ಕಂಪನಿಯ ನಕ್ಷೆಯೂ ಇಲ್ಲ. ಆದಕಾರಣವೇ ಆ ವಾಹನ ಗುಜರಿಗೆ ಹೋದ ದಿನ ಅದರ ಅಳತೆಯೂ ಹೋದಂತೆ. ವಿದೇಶಿ ಕಾರಿನ ಮಾದರಿ ಕಟ್ಟುವವನಿಗೆ ಪುಸ್ತಕ, ಚಿತ್ರ, ನಕ್ಷೆ ಎಲ್ಲ ಸಿಗುತ್ತವೆ; ಕಳಸದ ಕಡೆಗೆ ಜನ ಸಾಗಿಸುತ್ತಿದ್ದ ಜೀಪಿನ ಮಾದರಿ ಕಟ್ಟಬೇಕೆನ್ನುವವನಿಗೆ ಆ ಜೀಪೊಂದೇ ಆಧಾರ.

ಅಂಬಾಸಿಡರಿನ ವಿಷಯದಲ್ಲಿ ನನಗಾದ ನಷ್ಟವನ್ನು ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ರೂಪುಗೊಂಡು, ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ 2014ರವರೆಗೂ ಹೊರಬರುತ್ತಿದ್ದ ಈ ಕಾರು ಅಧಿಕಾರಿಗಳ ವಾಹನವಾಗಿ ಎಲ್ಲ ತಾಲ್ಲೂಕುಗಳಲ್ಲೂ ಇತ್ತು. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅವು ಒಂದೊಂದಾಗಿ ಹಿತ್ತಲು ಸೇರಿದವು. ಅಂಥ ಒಂದು ಕಚೇರಿಯ ಹಿತ್ತಲಿನಲ್ಲಿ, ಗಾಜುಗಳೂ ಒಳಗಿನ ಸೀಟುಗಳೂ ಮುಕ್ಕಾಗದೆ ಉಳಿದಿದ್ದ ಬಿಳಿಯ ಅಂಬಾಸಿಡರೊಂದು ನನ್ನ ಕಣ್ಣಿಗೆ ಬಿತ್ತು. ಅಳತೆ ತೆಗೆದುಕೊಳ್ಳಲು ಅನುಮತಿ ಕೋರಿ ಅರ್ಜಿ ಕೊಟ್ಟೆ. ಅಳತೆ ಏಕೆ ಎಂದು ಕೇಳಿದರು, ಹೇಳಿದೆ. ಆಟದ ಕಾರಿಗಾಗಿಯೇ ಎಂದು ಮತ್ತೆ ಕೇಳಿ, ಕಡತವನ್ನು ಮೇಲಕ್ಕೆ ಕಳುಹಿಸುವುದಾಗಿ ಹೇಳಿದರು. ಯಾರೂ ಒರಟಾಗಿ ಮಾತನಾಡಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಮೂರನೆಯ ಬಾರಿ ಹೋದಾಗ ಹರಾಜು ಮುಗಿದು, ಗ್ಯಾಸ್ ಕಟ್ಟರಿನಿಂದ ಸೀಳಿದ ಚಾವಣಿ ಲಾರಿಯ ಮೇಲೆ ಮಗುಚಿ ಬಿದ್ದಿತ್ತು. ನನ್ನ ಮಾದರಿಯ ಚಾವಣಿಯ ಬಾಗನ್ನು ಇಂದಿಗೂ ಛಾಯಾಚಿತ್ರ ನೋಡಿ ಅಂದಾಜಿನ ಮೇಲೆ ಇಟ್ಟಿದ್ದೇನೆ. ಅದು ಸರಿಯಿಲ್ಲ ಎಂಬುದು ನನಗೆ ಗೊತ್ತು.

ಅಳತೆ ಹಿಡಿಯುವುದರಿಂದ ವಾಹನಕ್ಕೆ ಒಂದು ಗೀರೂ ಬೀಳುವುದಿಲ್ಲ. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಗಾರೆಯವರು ಬಳಸುವ ತೂಗುಗುಂಡನ್ನು ಬಾಡಿಯ ಒಂದೊಂದು ಅಂಚಿನಿಂದ ಇಳಿಬಿಟ್ಟು, ಅದು ಮುಟ್ಟಿದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಹೋದರೆ, ವಾಹನ ಸರಿದ ಮೇಲೆ ಅದರ ಪೂರ್ಣ ಪ್ರಮಾಣದ ನಕ್ಷೆಯೇ ನೆಲದ ಮೇಲೆ ಉಳಿದಿರುತ್ತದೆ. ಬಾನೆಟ್ಟು, ಮಡ್‌ಗಾರ್ಡುಗಳ ಬಾಗನ್ನು ಬೆಸುಗೆಗೆ ಬಳಸುವ ಮೆದುವಾದ ಸೀಸದ ತಂತಿಯನ್ನು ಒತ್ತಿ ಹಿಡಿದು, ಹಾಗೆಯೇ ಎತ್ತಿ ರಟ್ಟಿನ ಮೇಲಿಟ್ಟು ಗೆರೆ ಎಳೆದುಕೊಳ್ಳಬಹುದು. ಫೋಟೊ ತೆಗೆಯುವುದಾದರೆ ಹತ್ತಿರದಿಂದ ತೆಗೆಯಬಾರದು. ಹತ್ತಿರವಿದ್ದುದು ಹಿಗ್ಗಿ ದೂರದ್ದು ಕುಗ್ಗಿ ಕಾಣುವುದರಿಂದ ಅಂಥ ಚಿತ್ರದಿಂದ ಅಳತೆ ಸಿಗುವುದಿಲ್ಲ. ಸಾಧ್ಯವಾದಷ್ಟು ಹಿಂದೆ ಸರಿದು, ಝೂಮ್ ಮಾಡಿ, ಅಡಿ ಅಡಿಗೆ ಕಪ್ಪು ಬಿಳುಪು ಪಟ್ಟೆ ಬಳಿದ ಕೋಲೊಂದನ್ನು ವಾಹನಕ್ಕೆ ಆನಿಸಿಟ್ಟು ತೆಗೆಯಬೇಕು. ಇಷ್ಟಕ್ಕೆ ಇಬ್ಬರು ಜನ, ಅರ್ಧ ದಿನ ಸಾಕು.

ಅಳತೆಯೊಂದು ಕೈಗೆ ಬಂದರೆ ಉಳಿದುದೆಲ್ಲ ಮನೆಯ ಸುತ್ತಲೇ ಒದಗುತ್ತದೆ. ಸಿಹಿತಿಂಡಿ ಡಬ್ಬಿಯ ಪಾರದರ್ಶಕ ಮುಚ್ಚಳದಿಂದ ಗಾಜು, ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ವೈಂಡಿಂಗ್ ತಂತಿಯಿಂದ ಇಂಜಿನ್ನಿನ ವೈರುಗಳು, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗೆ ತೆಳುವಾಗಿ ಅಂಟು ಬಳಿದು ಬಂಪರಿನ ಹೊಳಪು. ಕೆಸರು ಮಾತ್ರ ಮೋಸ ಮಾಡುತ್ತದೆ. ನಿಜವಾದ ಜೀಪಿಗೆ ಮೆತ್ತಿದ ಕೆಮ್ಮಣ್ಣನ್ನೇ ತಂದು ಮಾದರಿಗೆ ಮೆತ್ತಿದರೆ ಅದರ ಒಂದೊಂದು ಮರಳ ಕಣವೂ ಆ ಅಳತೆಯಲ್ಲಿ ದಪ್ಪ ಜಲ್ಲಿಯಂತೆ ಕಾಣುತ್ತದೆ. ಮಲ್ಲು ಬಟ್ಟೆಯಲ್ಲಿ ಎರಡು ಸಲ ಜಾಲಿಸಿದ ಧೂಳನ್ನು ನೀರು ಬೆರೆಸಿದ ಅಂಟಿನಲ್ಲಿ ಕೂರಿಸಿದಾಗಲೇ ಅದು ಕೆಸರೆನಿಸುವುದು. ಬಣ್ಣದ ಕೆಲಸಕ್ಕೆ ನಮ್ಮ ಮಳೆಗಾಲ ಶತ್ರು. ಥಿನ್ನರ್ ಬೇಗನೆ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿಯೇ ಹನಿಗಟ್ಟಿ, ಕಪ್ಪು ಬಣ್ಣವೂ ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಜೂನ್‌ನಿಂದ ದಸರೆಯವರೆಗೆ ಕತ್ತರಿಸುವುದು, ಅಂಟಿಸುವುದು, ನೀರು ಹಚ್ಚಿ ಉಜ್ಜುವ ವಾಟರ್ ಪೇಪರಿನಲ್ಲಿ ಒರಟಾದ 400ನೆಯ ನಂಬರಿನಿಂದ ನಯವಾದ 2000ದವರೆಗೆ ಉಜ್ಜುತ್ತಾ ಕೂರುವುದು. ಬಿಸಿಲು ಬಂದ ಮೇಲೆ ಬಣ್ಣ. ಮಾಸ್ಕ್ ಇಲ್ಲದೆ, ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಮಾಡಬಾರದೆಂಬುದನ್ನು ಹೊಸಬರಿಗೆ ಒತ್ತಿ ಹೇಳಬೇಕು.

ಈ ಕೆಲಸವನ್ನು ಆಟಿಕೆಯೆಂದು ಕರೆಯುವುದರಲ್ಲಿ ಆ ಕಚೇರಿಯವರು ಒಂಟಿಯಲ್ಲ. ಸುಂಕದ ಪಟ್ಟಿಯೂ ಹಾಗೆಯೇ ಕರೆಯುತ್ತದೆ. 9503ನೆಯ ಶೀರ್ಷಿಕೆಯಡಿ ಗೊಂಬೆಗಳು, ಮೂರು ಚಕ್ರದ ಸೈಕಲ್ಲುಗಳ ಜೊತೆಯಲ್ಲಿ ಅಳತೆಯ ಮಾದರಿಗಳೂ ಸೇರಿವೆ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿತು. ದೇಶದ ಆಟಿಕೆ ತಯಾರಕರಿಗೆ, ನಮ್ಮ ಚನ್ನಪಟ್ಟಣದವರಿಗೂ, ಅದರಿಂದ ಒಳ್ಳೆಯದಾಗುವುದಾದರೆ ನನ್ನ ತಕರಾರಿಲ್ಲ. ಪೆಟ್ಟಿಗೆ ದುಬಾರಿಯಾದ ಕಾರಣಕ್ಕೇ ನಾನು ಪೆಟ್ಟಿಗೆಯಿಲ್ಲದೆ ಎಲ್ಲವನ್ನೂ ಸ್ವಂತವಾಗಿ ಕಟ್ಟುವುದನ್ನು ಕಲಿತೆ ಎಂಬುದೂ ನಿಜ. ಬೇಸರವಾದದ್ದು ಬೇರೆಡೆ. ನಮ್ಮ ಬೀದಿಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಾತನ ಮಾರುತಿ 800 ಕಾರನ್ನು ತಾನೇ ಟೇಪು ಹಿಡಿದು ಅಳೆದು, 3335 ಮಿಲಿಮೀಟರ್ ಉದ್ದದ ಆ ಕಾರನ್ನು ರಟ್ಟಿನಲ್ಲಿ 139 ಮಿಲಿಮೀಟರಿಗೆ ಇಳಿಸಿ, ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳು ತಿರುಗುವಂತೆ ಮಾಡಿ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಯ್ದಿದ್ದಳು. ಇದರಲ್ಲಿ ವಿಜ್ಞಾನ ಎಲ್ಲಿದೆ ಎಂದು ಕೇಳಿ ಅದನ್ನು ಕರಕುಶಲದ ಮೇಜಿಗೆ, ಹೂದಾನಿಗಳ ನಡುವೆ ಇಟ್ಟರಂತೆ. ಅನುಪಾತ, ದಶಮಾಂಶ, ಸನ್ನೆ, ಕೀಲುಗಳೆಲ್ಲ ಆ ಹೂದಾನಿಗಳ ನಡುವೆಯೇ ಕುಳಿತಿದ್ದವು.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಹೊರಗೋಡೆಗಳನ್ನು ನೋಡಿದವರಿಗೆ, ದೊಡ್ಡ ಗೋಪುರದ ಅಚ್ಚನ್ನೇ ಗೇಣುದ್ದಕ್ಕೆ ಕುಗ್ಗಿಸಿ ಕಂಡರಿಸಿದ ಶಿಲ್ಪಿಗಳ ಕೈಚಳಕ ನೆನಪಿರಬಹುದು. ಅವರನ್ನು ಯಾರೂ ಆಟಿಕೆ ಮಾಡಿದವರೆನ್ನುವುದಿಲ್ಲ. ಹೋಲಿಕೆ ಅತಿಯಾಯಿತೆಂದರೆ ಹಿಂತೆಗೆದುಕೊಳ್ಳುತ್ತೇನೆ.

ಇಲಾಖೆಗಳಿಗೆ ನನ್ನ ಸಲಹೆಯಿಷ್ಟೇ: ಹರಾಜಿಗೆ ಮೊದಲು ಕೊಳ್ಳುವವರಿಗೆ ವಾಹನ ನೋಡಲು ದಿನ ಗೊತ್ತುಪಡಿಸುವ ರೂಢಿ ಹೇಗೂ ಇದೆ, ಅದೇ ದಿನ ಅಳತೆಯವರಿಗೂ ಪ್ರವೇಶವಿರಲಿ. ಪ್ರತ್ಯೇಕ ಕಡತ, ಖರ್ಚು ಯಾವುದೂ ಬೇಡ. ಚಿಕ್ಕಮಗಳೂರು, ಹಾಸನಗಳ ಇಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಬಂದರೆ ಇನ್ನೂ ಒಳ್ಳೆಯದು. ನಾನು ಸೀಸದ ತಂತಿಯಲ್ಲಿ ಹಿಡಿಯುವುದನ್ನು ಅವರು ಕಂಪ್ಯೂಟರಿನಲ್ಲಿ ಬಿಡಿಸಿ, ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆಯಬಲ್ಲರು; ಆದರೆ ಅವರ ಯಂತ್ರಕ್ಕೂ ಅಳೆಯಲು ನಿಜವಾದ ವಾಹನ ಬೇಕು. ಖಾಸಗಿಯವರ ವಾಹನಗಳ ಮೇಲೆ ಕಡ್ಡಾಯವಿಲ್ಲದಿದ್ದರೂ, 15 ವರ್ಷದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿದ ಮೇಲೆ, ಓಡಿಸದೆ ನಿಲ್ಲಿಸಿದ ಫಿಯೆಟ್, ಪದ್ಮಿನಿ, ಜೀಪುಗಳನ್ನು ತೂಕಕ್ಕೆ ಹಾಕಿಬಿಡೋಣವೆಂದು ಯೋಚಿಸುವ ಮನೆಗಳು ನಮ್ಮ ಸುತ್ತಲೇ ಇವೆ. ಮಾರಬೇಡಿ ಎಂದು ಹೇಳಲು ನಾನು ಯಾರು? ಮಾರುವ ಮುನ್ನ ಒಂದು ಮಾತು ತಿಳಿಸಲಿ.

ನನ್ನ ವಿಳಾಸ, ದೂರವಾಣಿ ಸಂಖ್ಯೆಗಳನ್ನು ತಮ್ಮ ಕಚೇರಿಗೆ ಬೇರೆಯಾಗಿ ಕಳುಹಿಸಿದ್ದೇನೆ, ಕೇಳಿದವರಿಗೆ ಕೊಡಬಹುದು. ಟೇಪು, ತೂಗುಗುಂಡು, ಸೀಮೆಸುಣ್ಣ ನಾನೇ ತರುತ್ತೇನೆ. ಬಾನೆಟ್ಟಿನ ಮೇಲೆ ಒಣಗಲು ಹಾಕಿರುವ ಮೆಣಸನ್ನು ಮಾತ್ರ ಮನೆಯವರು ಮೊದಲೇ ತೆಗೆದಿಡಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಎಸ್ಟೇಟ್ ರೈಟರ್, ಚಿಕ್ಕಮಗಳೂರು