ಸ್ಟೆಪ್ನಿ ಕೈಗೆ ಸಿಗುವ ಜಾಗದಲ್ಲಿ ಇರಲಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕಡೆ ದಿನಾ ಓಡುವ ಸಣ್ಣ ಪಿಕಪ್ ಗಾಡಿಗಳಲ್ಲಿ ಸ್ಟೆಪ್ನಿ, ಅಂದ್ರೆ ಹೆಚ್ಚುವರಿ ಟೈರ್, ಎಲ್ಲಿರಬೇಕು ಅನ್ನೋದರ ಬಗ್ಗೆ ಈ ಪತ್ರ. ಪೇಪರಿಗೆ ಬರೆಯುವಷ್ಟು ದೊಡ್ಡ ವಿಷಯವಾ ಇದು ಅಂತ ಕೆಲವರು ಕೇಳಬಹುದು. ರಾತ್ರಿ ಹೊತ್ತು ಜೇವರ್ಗಿ ರೋಡಿನಲ್ಲೋ ಹುಮನಾಬಾದ್ ರೋಡಿನಲ್ಲೋ ಲೋಡ್ ಗಾಡಿ ಸೈಡಿಗೆ ಹಾಕಿ ಟೈರ್ ಬದಲಿಸಿದವರು ಹಾಗೆ ಕೇಳಲ್ಲ. ನಾನೂ ಪಿಕಪ್ ಇಟ್ಟುಕೊಂಡವನು, ಕಲಬುರಗಿ ಗಂಜಿಗೆ, ಅಂದ್ರೆ ಧಾನ್ಯದ ಮಾರುಕಟ್ಟೆಗೆ, ಮಾಲು ತರುವವನು.

ನಮ್ಮ ತೊಗರಿಗೆ 2019ರಲ್ಲಿ ಜಿಐ ಗುರುತು (ಈ ಊರಿನದೇ ಬೆಳೆ ಅನ್ನುವ ಸರ್ಕಾರದ ಗುರುತು) ಸಿಕ್ಕಿತು, ಎಲ್ಲರಿಗೂ ಹೆಮ್ಮೆ ಆಯಿತು. ಆ ತೊಗರಿ ಹೊಲದಿಂದ ಗಂಜಿಗೆ ಬರೋದು ಜಾಸ್ತಿ ಇಂಥ ಗಾಡಿಗಳಲ್ಲೇ. ಶಹಾಬಾದ್ ಕಲ್ಲು, ಸೇಡಂ ಕಡೆಯ ಸಿಮೆಂಟ್, ಶಹಾಪುರ ಸುರಪುರದ ಭತ್ತ, ಹತ್ತಿ, ಮೆಣಸಿನಕಾಯಿ, ಕಣ್ಣಿ ಮಾರ್ಕೆಟ್ಟಿನ ತರಕಾರಿ, ಎಲ್ಲಕ್ಕೂ ಇವೇ ಗಾಡಿ. 2005ರಲ್ಲಿ ಟಾಟಾ ಏಸ್ ಬಂದ ಮೇಲಂತೂ ಸಣ್ಣ ಸಣ್ಣ ಹಳ್ಳಿಯಲ್ಲೂ ಒಂದೆರಡು ಗಾಡಿ ನಿಂತಿರುತ್ತವೆ. ಈ ಗಾಡಿಗಳು ಓಡೋದು ಬರೀ ಡಾಂಬರ್ ರೋಡಿನಲ್ಲಿ ಅಲ್ಲ. ಹೊಲದೊಳಗೆ ಇಳಿಯುತ್ತವೆ. ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆ ಒಣಗಿದರೆ ಮೊಳೆ ಇದ್ದ ಹಾಗೆ, ಟ್ರ್ಯಾಕ್ಟರ್ ಟೈರನ್ನೇ ಬಿಡಲ್ಲ. ಬದುವಿನ ಮೇಲೆ ಬಳ್ಳಾರಿ ಜಾಲಿ ಮುಳ್ಳು, ಕಲ್ಲಿನ ಕ್ವಾರಿ ಕಡೆ ಹೋದರೆ ಚೂಪು ಚೂಪು ಕಲ್ಲು. ಅಂದಮೇಲೆ ಪಂಚರ್ ನಮಗೆ ಅಪರೂಪದ ಮಾತಲ್ಲ, ದಿನದ ಮಾತು. ಅದಕ್ಕೇ ನಾನು ಹೇಳೋದು ಇಷ್ಟೇ: ಸ್ಟೆಪ್ನಿ ಇದ್ದರೆ ಸಾಲದು. ಲೋಡ್ ಇಳಿಸದೆ, ಗಾಡಿ ಕೆಳಗೆ ನುಗ್ಗದೆ, ಡ್ರೈವರ್ ಒಬ್ಬನೇ ಅದನ್ನು ಹೊರಗೆ ತೆಗೆಯುವ ಹಾಗೆ ಇರಬೇಕು.

ಈಗ ಎಲ್ಲಿ ಇರುತ್ತದೆ ನೋಡಿ. ಜಾಸ್ತಿ ಗಾಡಿಗಳಲ್ಲಿ ಬಾಡಿ (ಮಾಲು ತುಂಬುವ ಭಾಗ) ಕೆಳಗೆ, ಹಿಂದಿನ ತುದಿಯಲ್ಲಿ, ಅಡ್ಡಡ್ಡ ಮಲಗಿಸಿ ಚೈನಿನಲ್ಲೋ ಬೋಲ್ಟಿನಲ್ಲೋ ನೇತುಹಾಕಿರುತ್ತಾರೆ. ಉದ್ದನೆಯ ರಾಡ್ ತೂರಿಸಿ ತಿರುಗಿಸಿದರೆ ಟೈರ್ ಕೆಳಗೆ ಇಳಿಯಬೇಕು. ಶೋರೂಮಿನಲ್ಲಿ ಇಳಿಯುತ್ತದೆ. ನಮ್ಮ ಎರೆ ಮಣ್ಣಿನಲ್ಲಿ ಒಂದು ಮಳೆಗಾಲ ಓಡಿದ ಗಾಡಿಯಲ್ಲಿ ಇಳಿಸಿ ನೋಡಿ. ಹಿಂದಿನ ಚಕ್ರ ಎರಚುವ ಕೆಸರೆಲ್ಲ ಹೋಗಿ ಕೂರೋದು ಸೀದಾ ಆ ಚೈನಿನ ಮೇಲೆ, ಆ ನಟ್ಟಿನ ಮೇಲೆ, ರಿಮ್ಮಿನ ಬಟ್ಟಲಿನೊಳಗೆ. ಎರೆ ಮಣ್ಣು ಒಣಗಿದರೆ ಸಿಮೆಂಟ್ ಇದ್ದ ಹಾಗೇ ಆಗುತ್ತದೆ. ಅದರ ಒಳಗೆ ತೇವ ಉಳಿದು ನಟ್ಟು ತುಕ್ಕು ಹಿಡಿಯುತ್ತದೆ. ಆಮೇಲೆ ಪಾನಾ (ಸ್ಪ್ಯಾನರ್) ಹಾಕಿ ಎಷ್ಟು ತಿರುಗಿಸಿದರೂ ನಟ್ಟಿನ ಮೂಲೆ ಸವೆದು ಪಾನಾ ಜಾರುತ್ತದೆಯೇ ಹೊರತು ನಟ್ಟು ಅಲ್ಲಾಡಲ್ಲ. ಮಣ್ಣು ಕೆರೆಯೋಕೆ ಸ್ಕ್ರೂ ಡ್ರೈವರ್, ನಟ್ಟು ಬಿಚ್ಚೋಕೆ ಸುತ್ತಿಗೆ, ಬೆಳಕಿಗೆ ಬಾಯಲ್ಲಿ ಮೊಬೈಲ್. ಇದೆಲ್ಲ ಗಾಡಿ ಕೆಳಗೆ ಮಲಗಿಕೊಂಡು ಮಾಡೋದು, ಪಕ್ಕದಲ್ಲೇ ಲಾರಿಗಳು ಹೋಗ್ತಾ ಇರುತ್ತವೆ.

ಇನ್ನೊಂದು ತೊಂದರೆ ಇದೆ, ಗಾಡಿ ಕೊಳ್ಳುವಾಗ ಯಾರಿಗೂ ಹೊಳೆಯಲ್ಲ. ಲೋಡ್ ಗಾಡಿಯ ಟೈರ್ ಹೋಗೋದು ಜಾಸ್ತಿ ಹಿಂದಿನದೇ, ಭಾರ ಎಲ್ಲ ಅಲ್ಲೇ ತಾನೆ. ಹಿಂದಿನ ಟೈರ್ ಗಾಳಿ ಹೋದ ಕೂಡಲೇ ಬಾಡಿ ಆ ಕಡೆ ಕುಸಿಯುತ್ತದೆ. ಬಾಡಿಗೂ ನೆಲಕ್ಕೂ ಇರುವ ಸಂದು ಕಮ್ಮಿ ಆಗುತ್ತದೆ. ಸ್ಟೆಪ್ನಿ ಚೈನಿನಿಂದ ಇಳಿದರೂ ಹಿಂದಿನ ಪಟ್ಟಿಯ ಅಡಿಯಿಂದ ಹೊರಗೆ ಬರಲ್ಲ. ಆಗ ಮೊದಲು ಜಾಕ್ ಕೊಟ್ಟು ಗಾಡಿ ಎತ್ತಬೇಕು, ಬರೀ ಜಾಕಿನ ಮೇಲೆ ನಿಂತ ಲೋಡ್ ಗಾಡಿಯ ಕೆಳಗೆ ಕೈ ಹಾಕಿ ಟೈರ್ ಎಳೆಯಬೇಕು. ಎರೆ ಮಣ್ಣಿನಲ್ಲಿ ಜಾಕ್ ಒಂದು ಕಡೆ ಹೂತು ವಾಲಿತು ಅಂದ್ರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಜಾಕಿನ ಅಡಿಗೆ ಇಡೋಕೆ ಒಂದು ದಪ್ಪ ಹಲಗೆ ತುಂಡು ಯಾವಾಗಲೂ ಗಾಡಿಯಲ್ಲಿ ಇರಲಿ ಅಂತ ಎಲ್ಲ ಡ್ರೈವರುಗಳಿಗೂ ಕೈ ಮುಗಿದು ಕೇಳುತ್ತೇನೆ. ಟೈರ್ ಬಿಚ್ಚುವ ಮೊದಲು ಸ್ಟೆಪ್ನಿಯನ್ನೇ ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಕೆಳಗೆ ತಳ್ಳಿ ಇಡಿ. ಬಿಚ್ಚಿದ ಮೇಲೆ ಪಂಚರ್ ಆದ ಟೈರನ್ನು ಅಲ್ಲಿಡಿ, ಸ್ಟೆಪ್ನಿ ಹೊರಗೆ ತೆಗೆದು ಹಾಕಿ. ಜಾಕ್ ಜಾರಿದರೂ ಗಾಡಿ ಟೈರಿನ ಮೇಲೆ ಕೂರುತ್ತದೆ, ಮನುಷ್ಯನ ಮೇಲೆ ಅಲ್ಲ.

ಕೆಳಗಿನ ಗೋಳು ಬೇಡ ಅಂತ ಹಲವರು ಸ್ಟೆಪ್ನಿಯನ್ನು ಬಾಡಿಯೊಳಗೆ ಎಸೆದುಕೊಂಡು ಓಡಾಡುತ್ತಾರೆ. ಖಾಲಿ ಗಾಡಿಗೆ ಅಡ್ಡಿ ಇಲ್ಲ. ಲೋಡ್ ಹಾಕುವಾಗ ಹಮಾಲರು ಅದನ್ನು ಮೂಲೆಗೆ ತಳ್ಳಿ ಅದರ ಮೇಲೆ ಚೀಲ ಒಟ್ಟುತ್ತಾರೆ. ಒಂದೂವರೆ ಟನ್ ಅಂದ್ರೆ 50 ಕಿಲೋ ಚೀಲ 30. ಯಾದಗಿರಿ ರೋಡಿನಲ್ಲಿ ಒಬ್ಬ ಹುಡುಗ ಕತ್ತಲಲ್ಲಿ ಒಬ್ಬನೇ ಚೀಲ ಇಳಿಸಿ ರೋಡಿನ ಪಕ್ಕ ಜೋಡಿಸುತ್ತಾ ಇದ್ದದ್ದನ್ನು ನೋಡಿ ನಾವು ಇಬ್ಬರು ಇಳಿದು ಕೈ ಹಚ್ಚಿದೆವು. ಸ್ಟೆಪ್ನಿ ಸಿಕ್ಕಿದ್ದು ತೀರಾ ತಳದಲ್ಲಿ. ಎರಡು ಚೀಲ ಹರಿದು ತೊಗರಿ ಮಣ್ಣುಪಾಲಾಯಿತು, ಆ ನಷ್ಟ ಯಾರ ತಲೆಗೆ ಬರುತ್ತದೆ ಹೇಳಿ. ಕಲ್ಲಿನ ಲೋಡ್ ಇದ್ದರಂತೂ ಮಾತೇ ಬೇಡ, ಫರಸಿ ಕಲ್ಲು ಒಬ್ಬನೇ ಇಳಿಸುವ ಮಾಲಲ್ಲ. ಮೇಲಾಗಿ ನಮ್ಮ ಏಪ್ರಿಲ್ ಮೇ ತಿಂಗಳ 42, 43 ಡಿಗ್ರಿ ಬಿಸಿಲಿಗೆ ಬಾಡಿಯಲ್ಲಿ ಬಿದ್ದ ಟೈರ್ ಓಡದೇ ಇದ್ದರೂ ಹಾಳಾಗುತ್ತದೆ, ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ.

ಕ್ಯಾಬಿನ್ ಮೇಲೆ ಕಟ್ಟುವವರೂ ಇದ್ದಾರೆ. ದಯವಿಟ್ಟು ಬೇಡ. ಪಿಕಪ್ಪಿನ 15 ಇಂಚಿನ ಟೈರ್ ರಿಮ್ ಸಮೇತ ಇಪ್ಪತ್ತು ಕಿಲೋ ದಾಟುತ್ತದೆ. ಹಗ್ಗ ಬಿಸಿಲಿಗೆ ಸತ್ತಿರುತ್ತದೆ, ಒಂದು ಜೋರು ಬ್ರೇಕ್ ಸಾಕು, ಮುಂದೆ ಬೈಕಿನವನು ಇದ್ದರೆ ಮುಗಿಯಿತು. ಹಿಂದಿನ ಡೋರಿಗೆ ಹಚ್ಚಿದರೆ ಡೋರಿನ ಕೀಲು ಕಿತ್ತು ಬರುತ್ತದೆ, ನಂಬರ್ ಪ್ಲೇಟು, ಲೈಟು ಮುಚ್ಚುತ್ತದೆ.

ಹಾಗಾದರೆ ಎಲ್ಲಿ? ಕ್ಯಾಬಿನ್ನಿಗೂ ಬಾಡಿಗೂ ಮಧ್ಯೆ ಸಂದು ಇರುವ ಗಾಡಿಯಲ್ಲಿ ಅಲ್ಲೇ ನಿಲ್ಲಿಸಿ ಹಾಕೋದು ಎಲ್ಲಕ್ಕಿಂತ ಒಳ್ಳೇದು. ಕೆಸರು ಕಮ್ಮಿ, ನೆರಳು ಇರುತ್ತದೆ, ಹಿಂದಿನ ಟೈರ್ ಕುಸಿದರೂ ಮುಂದಿನದು ಕುಸಿದರೂ ಪಕ್ಕದಿಂದ ಎಳೆದರೆ ಬರುತ್ತದೆ. ಎಂಜಿನ್ನಿಗೆ ಗಾಳಿ ಎಳೆಯುವ ಪೈಪ್ ಅಲ್ಲಿದ್ದರೆ ಅದಕ್ಕೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ. ಸಂದು ಇಲ್ಲದ ಗಾಡಿಯಲ್ಲಿ ಬಾಡಿ ಅಡಿಯಲ್ಲೇ ಇರಲಿ, ಆದರೆ ಹಿಂದಿನ ತುದಿಯಲ್ಲಿ ಬೇಡ. ಹಿಂದಿನ ಚಕ್ರಕ್ಕಿಂತ ಮುಂದೆ, ಎಡಗಡೆ, ಪಕ್ಕಕ್ಕೆ ತೆರೆಯುವ ಕಬ್ಬಿಣದ ತೊಟ್ಟಿಲಲ್ಲಿ. ಎಡಗಡೆ ಯಾಕೆ ಅಂದ್ರೆ ನಾವು ಗಾಡಿ ನಿಲ್ಲಿಸೋದು ರೋಡಿನ ಎಡಕ್ಕೆ. ಬಲಗಡೆ ಕೂತು ನಟ್ಟು ಬಿಚ್ಚುವವನ ಬೆನ್ನಿಗೆ ಲಾರಿ ಇರುತ್ತದೆ. ಸೈಲೆನ್ಸರ್ ಹತ್ತಿರ ಬೇಡ, ಡೀಸೆಲ್ ಟ್ಯಾಂಕಿಗೆ ಉಜ್ಜೋದು ಬೇಡ, ಬಾಡಿಯಿಂದ ಹೊರಗೆ ಚಾಚೋದು ಬೇಡ. ಸಿಎನ್‌ಜಿ ಗಾಡಿಯಲ್ಲಿ ಕೆಳಗಿನ ಜಾಗವನ್ನು ಸಿಲಿಂಡರ್ ತಿಂದಿದ್ದರೆ ಬಾಡಿಯ ಒಳಗೆ, ಮುಂದಿನ ಗೋಡೆಗೆ ನಿಲ್ಲಿಸಿ ಕ್ಲಾಂಪ್ ಹಾಕಿ. ಏಳೆಂಟು ಇಂಚು ಜಾಗ ಹೋಗುತ್ತದೆ, ನಿಜ. ಆದರೆ ಮೇಲೆ ಚೀಲ ಒಟ್ಟದೇ ಇದ್ದರೆ ಮೇಲಿನಿಂದ ಎತ್ತಬಹುದು.

ವೆಲ್ಡಿಂಗ್ ಅಂಗಡಿಯವರಿಗೆ ಒಂದು ಮಾತು. ಚಾಸಿಗೆ ವೆಲ್ಡಿಂಗ್ ಸುಡಬೇಡಿ, ತೂತು ಕೊರೆಯಬೇಡಿ. ಸುಟ್ಟ ಜಾಗದಲ್ಲೇ ಆಮೇಲೆ ಚಾಸಿ ಬಿರುಕು ಬಿಡೋದು. ಯು ಬೋಲ್ಟ್ ಹಾಕಿ ಬಿಗಿದರೆ ಸಾಕು. ಸ್ಟೆಪ್ನಿ ಹಿಡಿಯುವ ನಟ್ಟು ಚಕ್ರದ ನಟ್ಟಿನ ಅಳತೆಯದೇ ಇರಲಿ, ಒಂದೇ ಪಾನಾದಲ್ಲಿ ಎರಡೂ ಬಿಚ್ಚುತ್ತವೆ. ಕಳ್ಳರ ಭಯಕ್ಕೆ ಚೈನು, ಬೀಗ ಬೇಕೇ ಬೇಕು, ರಾತ್ರಿ ಗಂಜಿನಲ್ಲಿ ನಿಂತ ಗಾಡಿಗಳ ಸ್ಟೆಪ್ನಿ ಹೋಗಿದ್ದು ಎಲ್ಲರಿಗೂ ಗೊತ್ತು. ಆದರೆ ಬೀಗಕ್ಕೆ ಕೀಲೆಣ್ಣೆ ಹಾಕಿ, ಪ್ಲಾಸ್ಟಿಕ್ ಸುತ್ತಿ. ಕೀಲಿ ಡ್ರೈವರ್ ಹತ್ತಿರ ಇರಲಿ, ಮಾಲೀಕರ ಮನೆ ಗೂಟದಲ್ಲಿ ಅಲ್ಲ.

ವಾಲ್ವ್ ಹೊರಮುಖವಾಗಿ ಇರಬೇಕು. ಇದು ಸಣ್ಣ ಮಾತು ಅನ್ನಿಸುತ್ತದೆ, ಆದರೆ ಇದರಲ್ಲೇ ಎಲ್ಲ ಇದೆ. ವಾಲ್ವ್ ಕೈಗೆ ಸಿಗದ ಸ್ಟೆಪ್ನಿಗೆ ಯಾರೂ ಗಾಳಿ ನೋಡಿಸಲ್ಲ. ನಾಲ್ಕು ಟೈರಿಗೆ ಗಾಳಿ ಹೊಡೆಸಿ ಐದನೆಯದನ್ನು ಬಿಟ್ಟು ಬರುತ್ತಾರೆ, ಬೇಕಾದ ದಿನ ನೋಡಿದರೆ ಅದೂ ಚಪ್ಪಟೆ. ಹಾಗೇ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯನ್ನೂ ನೋಡಿ. 2319 ಅಂತ ಇದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿ ಓಡಿಲ್ಲ, ಹಾಗಾಗಿ ಹೊಸದು ಅಂತ ನಂಬಿಕೊಂಡವರು ಬಹಳ ಜನ ಇದ್ದಾರೆ. ರಬ್ಬರಿಗೆ ವಯಸ್ಸು ಸುಮ್ನೆ ಕೂತರೂ ಆಗುತ್ತದೆ.

ಈಗ ಸ್ಟೆಪ್ನಿಯೇ ಬೇಡ, ಪಂಚರ್ ಕಿಟ್ ಸಾಕು ಅನ್ನುವ ಮಾತೂ ಕೇಳಿ ಬರುತ್ತಿದೆ. ಟ್ಯೂಬ್‌ಲೆಸ್ ಟೈರು, ಗಾಳಿ ಕಮ್ಮಿಯಾದರೆ ಹೇಳುವ ವ್ಯವಸ್ಥೆ, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದೆ ಮಾರಬಹುದು ಅಂತ 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿದ್ದು ಕಾರುಗಳಿಗೆ. ನಮ್ಮ ಲೋಡ್ ಗಾಡಿಗಳ ಕಥೆ ಬೇರೆ. ಮೊಳೆ ಚುಚ್ಚಿದ ಸಣ್ಣ ತೂತನ್ನು ಕಿಟ್ ಮುಚ್ಚುತ್ತದೆ. ಫರಸಿ ಚೂರು ಪಕ್ಕಕ್ಕೆ ಸೀಳಿದ ಟೈರಿಗೆ ಯಾವ ಕಿಟ್ಟೂ ನಡೆಯಲ್ಲ.

ಇನ್ನು ಕೇಳಿಕೊಳ್ಳೋದು ಮೂರು ಜನರನ್ನು. ಗಾಡಿ ಮಾರುವವರು ಡೆಲಿವರಿ ದಿನ ಪೂಜೆ, ಫೋಟೋ ಮುಗಿದ ಮೇಲೆ ಡ್ರೈವರ್ ಕೈಯಲ್ಲೇ ಒಮ್ಮೆ ಸ್ಟೆಪ್ನಿ ಇಳಿಸಿ ಹತ್ತಿಸಿ ಕಲಿಸಿ ಕಳಿಸಲಿ. ಹತ್ತು ನಿಮಿಷದ ಕೆಲಸ. ಎಫ್‌ಸಿಗೆ (ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ, ಅಂದ್ರೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಸ್ಟೆಪ್ನಿ ಇದೆಯಾ ಅಂತ ಬಗ್ಗಿ ನೋಡಿ ಬಿಡೋದರ ಬದಲು ಇಳಿಸಿ ತೋರಿಸು ಅಂತ ಸಾಹೇಬರು ಕೇಳಲಿ. ಎಷ್ಟು ಗಾಡಿಗಳಲ್ಲಿ ಅದು ಇಳಿಯಲ್ಲ ಅಂತ ಆಗ ಅವರಿಗೇ ತಿಳಿಯುತ್ತದೆ. ಮಾಲೀಕರು ತೊಗರಿ ರಾಶಿ ಶುರುವಾಗುವ ಮೊದಲೇ, ಡಿಸೆಂಬರಿಗೆ ಮುಂಚೆ, ಗಾಡಿಯನ್ನು ಒಂದು ದಿನ ನಿಲ್ಲಿಸಿ ಈ ಕೆಲಸ ಮಾಡಿಸಲಿ. ಡ್ರೈವರ್ ಹೇಳಿದರೆ "ಆಮೇಲೆ ನೋಡೋಣ" ಅನ್ನಬೇಡಿ. ರಾತ್ರಿ ಗಾಡಿ ಕೆಳಗೆ ಮಲಗುವವನು ಅವನು.

ಇಂತಿ,
ಒಬ್ಬ ಪಿಕಪ್ ಮಾಲೀಕ, ಕಲಬುರಗಿ