‘ಕನಿಷ್ಠ’ ಎಂದಾಕ್ಷಣ ಲ.ಸಾ.ಅ. ಅಲ್ಲ

ಮಾನ್ಯ ಸಂಪಾದಕರೇ,

ನಿವೃತ್ತಿಯ ನಂತರ ನಮ್ಮ ಬೀದಿಯ ಆರು, ಏಳನೇ ತರಗತಿಯ ಮಕ್ಕಳಿಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತಿದ್ದೇನೆ. ಕಳೆದ ವಾರ ಅವರಿಗೊಂದು ಸಮಸ್ಯೆ ಕೊಟ್ಟೆ. ರಾಜ್ಯೋತ್ಸವದ ಮೆರವಣಿಗೆಗೆ 48 ಹುಡುಗರೂ 72 ಹುಡುಗಿಯರೂ ಬಂದಿದ್ದಾರೆ. ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ, ಆದರೆ ಎಲ್ಲ ಸಾಲಿನಲ್ಲೂ ಸಮ ಸಂಖ್ಯೆಯ ಮಕ್ಕಳಿರಬೇಕು. ಕನಿಷ್ಠ ಎಷ್ಟು ಸಾಲು ಬೇಕು? ಜಾಣೆಯೊಬ್ಬಳು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಎಂದರೆ ಎರಡೂ ಸಂಖ್ಯೆಗಳಿಂದ ನಿಶ್ಶೇಷವಾಗಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆದು, ಗುಣಾಕಾರದಲ್ಲಿ ಒಂದೂ ತಪ್ಪಿಲ್ಲದೆ, 144 ಎಂದು ಬರೆದಳು. ಇರುವ ಮಕ್ಕಳೇ 120! ಏಕಮ್ಮಾ ಹೀಗೆ ಮಾಡಿದೆ ಎಂದರೆ, ‘ಕನಿಷ್ಠ ಅಂತಿದ್ರೆ ಲ.ಸಾ.ಅ., ಗರಿಷ್ಠ ಅಂತಿದ್ರೆ ಮ.ಸಾ.ಅ. ಅಂತ ಹೇಳ್ಕೊಟ್ಟಿದ್ದಾರೆ ಮಿಸ್’ ಎಂದಳು.

ಈ ಅಡ್ಡದಾರಿಯ ಬಗ್ಗೆಯೇ ನನ್ನ ಆಕ್ಷೇಪ. ಸಾಲುಗಳು ಕಡಿಮೆಯಾಗಬೇಕಾದರೆ ಒಂದೊಂದು ಸಾಲಿನಲ್ಲಿ ಆದಷ್ಟು ಹೆಚ್ಚು ಮಕ್ಕಳು ನಿಲ್ಲಬೇಕು, ಆ ಸಂಖ್ಯೆ 48ನ್ನೂ 72ನ್ನೂ ನಿಶ್ಶೇಷವಾಗಿ ಭಾಗಿಸಬೇಕು. ಅಂದರೆ ಬೇಕಾದದ್ದು ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) 24, ಸಾಲುಗಳು 2 ಮತ್ತು 3, ಒಟ್ಟು 5. ಅಪವರ್ತನ (ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ), ಅಪವರ್ತ್ಯ (ಹಾಗೆ ಭಾಗವಾಗುವ ಸಂಖ್ಯೆ) ಎಂಬ ಪದಗಳೇ ಮಕ್ಕಳ ಕಿವಿಗೆ ಒಂದೇ ರೀತಿ ಕೇಳಿಸುವಾಗ, ಇರುವುದನ್ನು ಹಂಚುತ್ತಿದ್ದೇವೆಯೋ (ಆಗ ಮ.ಸಾ.ಅ.) ಅಥವಾ ಎರಡು ಗಂಟೆಗಳು ಮತ್ತೆ ಒಟ್ಟಿಗೆ ಬಾರಿಸುವ ಹೊತ್ತಿಗೆ ಕಾಯುತ್ತಿದ್ದೇವೆಯೋ (ಆಗ ಲ.ಸಾ.ಅ.) ಎಂದು ಮೊದಲು ಕೇಳಿಕೊಳ್ಳುವುದನ್ನು ಕಲಿಸಬೇಕು.

ಇನ್ನೊಂದು ಮಾತು. 91 ಅಚ್ಚು ಬೆಲ್ಲ, 65 ತೆಂಗಿನಕಾಯಿಗಳನ್ನು ಏನೂ ಉಳಿಯದಂತೆ ಆದಷ್ಟು ಹೆಚ್ಚು ಚೀಲಗಳಿಗೆ ಸಮನಾಗಿ ತುಂಬಿರಿ ಎಂದರೆ, ಮಕ್ಕಳು 2, 3, 5ರಿಂದ ಭಾಗಿಸಿ ನೋಡಿ ‘ಸಾಮಾನ್ಯ ಅಪವರ್ತನ 1 ಮಾತ್ರ’ ಎಂದು ಕೈಬಿಡುತ್ತಾರೆ. ಆದರೆ ದೊಡ್ಡ ಸಂಖ್ಯೆಯಲ್ಲಿ ಚಿಕ್ಕದನ್ನು ಕಳೆಯುತ್ತ ಹೋದರೆ ಮ.ಸಾ.ಅ. ಸಿಗುತ್ತದೆ: 91ರಲ್ಲಿ 65 ಕಳೆದರೆ 26. 65ರಲ್ಲಿ ಎರಡು ಸಲ 26 ಕಳೆದರೆ 13. 26ರಲ್ಲಿ 13 ಎರಡು ಸಲ ಹೋಗುತ್ತದೆ, ಶೇಷವಿಲ್ಲ. ಹಾಗಾಗಿ 13 ಚೀಲ, ಒಂದೊಂದರಲ್ಲಿ 7 ಅಚ್ಚು, 5 ಕಾಯಿ. ಪೂರ್ಣಾಂಕ ಉತ್ತರ ಬೇಕಾದ ಸಮೀಕರಣಗಳನ್ನು ಬಿಡಿಸುವ ಆರ್ಯಭಟನ ಕುಟ್ಟಕ ವಿಧಾನಕ್ಕೂ ತಳಹದಿಯಾದ ಈ ಪರಸ್ಪರ ಭಾಗಾಕಾರವನ್ನು ಹುಣಿಸೆಬೀಜ ಜೋಡಿಸಿ ತೋರಿಸಿದರೆ ಆರನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ, ನಾನು ಕಂಡಿದ್ದೇನೆ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ಇಂತಹ ಲೆಕ್ಕಗಳಲ್ಲಿ 13 ಎಂದು ಬರೆದದ್ದಕ್ಕೆ ಮಾತ್ರವಲ್ಲದೆ, ಆ 13 ಚೀಲಗಳ ಸಂಖ್ಯೆಯೋ, ಒಂದು ಚೀಲದೊಳಗಿನ ಅಚ್ಚುಗಳ ಸಂಖ್ಯೆಯೋ ಎಂದು ಮಗು ತನ್ನ ಮಾತಿನಲ್ಲಿ ಬರೆಯುವ ಒಂದು ವಾಕ್ಯಕ್ಕೂ ಒಂದು ಅಂಕ ಮೀಸಲಿಡಿ.

– ನಿವೃತ್ತ ಗಣಿತ ಶಿಕ್ಷಕಿ, ಮಂಡ್ಯ